ಜೀವಕೋಶ ಕಂಡುಹಿಡಿದವರು ರಾಬರ್ಟ್ ಹುಕ್ ಒಬ್ಬರೇನಾ? ಬಟ್ಟೆ ವ್ಯಾಪಾರಿಯೊಬ್ಬರ ಕಥೆ ಓದಿ

ಜೀವಕೋಶ ಕಂಡುಹಿಡಿದವರು ರಾಬರ್ಟ್ ಹುಕ್ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಇದು ಅರ್ಧ ಸತ್ಯ. 1665ರಲ್ಲಿ ಹುಕ್ 'ಸೆಲ್' ಎಂದು ಕರೆದದ್ದು ಕಾರ್ಕ್‌ನ ಖಾಲಿ ಗೂಡುಗಳನ್ನು, ಅಂದರೆ ಸತ್ತ ಕೋಶಗಳ ಗೋಡೆಗಳನ್ನು. ಒಂದೇ ಕೋಶದ ಜೀವಿಗಳು ನೀರಿನಲ್ಲಿ ಓಡಾಡುವುದನ್ನು ಮೊದಲು ಕಂಡವರು ಆಂಟೊನಿ ವಾನ್ ಲೀವೆನ್‌ಹಾಕ್.

1632ರಲ್ಲಿ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ ಹುಟ್ಟಿದ ಇವರು ಬಟ್ಟೆ ವ್ಯಾಪಾರಿ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ, ಲ್ಯಾಟಿನ್ ಗೊತ್ತಿರಲಿಲ್ಲ. ಪುಟ್ಟ ಮಸೂರಗಳನ್ನು ತಾವೇ ತಯಾರಿಸುತ್ತಿದ್ದರು. ಅವರ ಸೂಕ್ಷ್ಮದರ್ಶಕಗಳಲ್ಲಿ ಒಂದು ವಸ್ತುವನ್ನು ಸುಮಾರು 270 ಪಟ್ಟು ದೊಡ್ಡದಾಗಿ ತೋರಿಸುತ್ತದೆ.

1674ರಲ್ಲಿ ಸರೋವರದ ನೀರಿನಲ್ಲಿ ಪ್ರೊಟೊಜೋವಾಗಳು ಕಂಡವು. 1676ರಲ್ಲಿ ಕಾಳುಮೆಣಸು ನೆನೆಸಿದ ನೀರಿನಲ್ಲಿ ಬ್ಯಾಕ್ಟೀರಿಯಾಗಳೂ ಕಂಡವು. ಬ್ಯಾಕ್ಟೀರಿಯಾ ಕೋಶದಲ್ಲಿ ಕೋಶಕೇಂದ್ರ ಇರುವುದಿಲ್ಲ. ಪ್ರೊಟೊಜೋವಾಗಳಲ್ಲಿ, ನಮ್ಮ ಬಹುತೇಕ ಬಗೆಯ ಕೋಶಗಳಲ್ಲಿ ಇರುತ್ತದೆ. ಹೀಗೆ, ಅರಿವಿಲ್ಲದೆಯೇ ಅವರು ಕೋಶಗಳ ಎರಡು ಮುಖ್ಯ ಬಗೆಗಳನ್ನೂ ನೋಡಿಬಿಟ್ಟಿದ್ದರು!

ಈ ಸುದ್ದಿ ಬರೆದು ಕಳಿಸಿದಾಗ ಲಂಡನ್ನಿನ ರಾಯಲ್ ಸೊಸೈಟಿ ಸುಲಭವಾಗಿ ನಂಬಲಿಲ್ಲ. ಲೀವೆನ್‌ಹಾಕ್ ಊರಿನ ಗಣ್ಯರ ಸಾಕ್ಷಿಪತ್ರಗಳನ್ನೂ ಕಳಿಸಿದರು. ಕೊನೆಗೆ 1677ರಲ್ಲಿ ಅದೇ ರಾಬರ್ಟ್ ಹುಕ್ ಕಾಳುಮೆಣಸಿನ ನೀರು ತಯಾರಿಸಿ, ಆ ಜೀವಿಗಳನ್ನು ಸದಸ್ಯರಿಗೆ ತೋರಿಸಿದರು. 1680ರಲ್ಲಿ ಬಟ್ಟೆ ವ್ಯಾಪಾರಿ ಆ ಸೊಸೈಟಿಯ ಸದಸ್ಯರಾದರು. 1683ರಲ್ಲಿ ತಮ್ಮ ಹಲ್ಲಿನ ಕೊಳೆಯಲ್ಲೂ ಬ್ಯಾಕ್ಟೀರಿಯಾ ಕಂಡರು. 1723ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರು ಹೇಳಿದ್ದು ನಿಜವೇ ಆಗಿತ್ತು. ಆದರೂ ಒಪ್ಪಿಗೆ ಸಿಕ್ಕಿದ್ದು ಇನ್ನೊಬ್ಬರು ಪರೀಕ್ಷಿಸಿ ನೋಡಿದ ಮೇಲೆಯೇ. ಮುಂದಿನ ಫಾರ್ವರ್ಡ್ ಒತ್ತುವ ಮುನ್ನ ನಾವೂ ಇದನ್ನು ನೆನಪಿಟ್ಟುಕೊಳ್ಳೋಣ.