ಪಾಡ್ದನದಿಂದ ಪುಟಕ್ಕೆ: ಬಂಟ್ವಾಳದ ಪಂಜೆ ಮಂಗೇಶರಾಯರು ಕಥೆ ಕಂಡುಕೊಂಡ ಬಗೆ

ಬಂಟ್ವಾಳ: ಕನ್ನಡದ ಸಣ್ಣಕಥೆಯ ಜನಕ ಯಾರು ಎಂಬ ಪ್ರಶ್ನೆಗೆ ಶಾಲಾ ಮಕ್ಕಳು ಥಟ್ಟನೆ ಹೇಳುವ ಹೆಸರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರದು. ಮಾಸ್ತಿಯವರ ಮೊದಲ ಕಥಾಸಂಕಲನ ಪ್ರಕಟವಾದುದು 1920ರಲ್ಲಿ. ಅದಕ್ಕೆ ಎರಡು ದಶಕಗಳಷ್ಟು ಮುಂಚೆಯೇ, ಮಂಗಳೂರಿನಿಂದ ಹೊರಡುತ್ತಿದ್ದ 'ಸುವಾಸಿನಿ' ಮಾಸಪತ್ರಿಕೆಯಲ್ಲಿ 'ರಾ.ಮ.ಪಂ.' ಎಂಬ ಮೂರಕ್ಷರಗಳ ಮರೆಯಲ್ಲಿ ನಿಂತು ಒಬ್ಬ ತರುಣ ಅಧ್ಯಾಪಕ ಕಥೆಗಳನ್ನು ಬರೆಯುತ್ತಿದ್ದ. ನೇತ್ರಾವತಿಯ ದಡದ ಬಂಟ್ವಾಳದಲ್ಲಿ 1874ರ ಫೆಬ್ರವರಿ 22ರಂದು ಹುಟ್ಟಿದ ಪಂಜೆ ಮಂಗೇಶರಾಯರೇ ಆ ತರುಣ.

ಅವರ ಹಿರಿಯರ ಊರು ಸುಬ್ರಹ್ಮಣ್ಯದ ಹಾದಿಯಲ್ಲಿರುವ ಪಂಜ. ತಂದೆ ರಾಮಪ್ಪಯ್ಯ. ಮನೆಯ ಮಾತು ಕೊಂಕಣಿ, ಬೀದಿಯ ಮಾತು ತುಳು, ಶಾಲೆಯ ಮಾತು ಕನ್ನಡ, ಮುಂದೆ ಕಾಲೇಜಿನ ಮಾತು ಇಂಗ್ಲಿಷ್. ಆ ಕಾಲದ ಬಂಟ್ವಾಳ ಒಂದು ದೊಡ್ಡ ವ್ಯಾಪಾರದ ಪೇಟೆ. ಘಟ್ಟದ ಮೇಲಿನ ಸರಕು ಇಲ್ಲಿಗೆ ಬಂದಿಳಿದು, ದೋಣಿಯೇರಿ ಮಂಗಳೂರಿನ ಬಂದರಿಗೆ ಸಾಗುತ್ತಿತ್ತು. ಹಲವು ನುಡಿಗಳ ಜನ ಬಂದುಹೋಗುವ ಇಂತಹ ಪೇಟೆಯಲ್ಲಿ ಬೆಳೆದ ಹುಡುಗನಿಗೆ ಮನುಷ್ಯರ ಮಾತಿನ ವರಸೆಯನ್ನು ಗುರುತಿಸುವ ಕಿವಿ ತಾನಾಗಿಯೇ ಬಂದಿದ್ದರೆ ಆಶ್ಚರ್ಯವಿಲ್ಲ.

ಮೊದಲ ಕಥೆಗಳಿಗೆ ಪಂಜೆಯವರು ವಸ್ತುವನ್ನು ಹುಡುಕಿಕೊಂಡು ದೂರ ಹೋಗಲಿಲ್ಲ. 'ನನ್ನ ಚಿಕ್ಕತಾಯಿ', 'ನನ್ನ ಚಿಕ್ಕತಂದೆ', 'ನನ್ನ ಹೆಂಡತಿ' ಎಂಬ ಶೀರ್ಷಿಕೆಗಳನ್ನು ನೋಡಿದರೇ ಸಾಕು, ಕಥೆಗಾರನ ಕಣ್ಣು ಮನೆಯ ಜಗಲಿಯ ಮೇಲೆಯೇ ನೆಟ್ಟಿತ್ತೆಂಬುದು ತಿಳಿಯುತ್ತದೆ. ಅನುವಾದಗೊಂಡ ಬಂಗಾಳಿ, ಮರಾಠಿ ಕಾದಂಬರಿಗಳ ವೀರರೂ ರಾಜಕುಮಾರಿಯರೂ ಓದುಗರನ್ನು ಆಳುತ್ತಿದ್ದ ದಿನಗಳಲ್ಲಿ ಮನೆಯ ಚಿಕ್ಕಮ್ಮನನ್ನು ಕಥೆಯ ನಡುವೆ ನಿಲ್ಲಿಸುವುದು ಸಣ್ಣ ಧೈರ್ಯವಲ್ಲ. 'ಕಮಲಾಪುರದ ಹೋಟ್ಲಿನಲ್ಲಿ' ಎಂಬ ಕಥೆಯಲ್ಲಿ ಆ ಕಣ್ಣು ಮನೆಯಿಂದ ಹೊರಬಿದ್ದು ಪರವೂರಿನ ಹೋಟೆಲಿಗೆ ಹೋಗುತ್ತದೆ. 'ಸುವಾಸಿನಿ'ಯನ್ನು ನಡೆಸುತ್ತಿದ್ದ ಬೆನಗಲ್ ರಾಮರಾಯರು ಪಂಜೆಯವರಿಗೆ ಹತ್ತಿರದ ಬಂಧುವಾಗಿದ್ದರು. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ಅದರೊಡನೆ ಈ ಕಥೆಗಳೂ ಮರೆಗೆ ಸಂದವು. ಜನಕನ ಪಟ್ಟ ಬೇರೆ ಕಡೆ ಹೋದುದಕ್ಕೆ ಇದೂ ಒಂದು ಕಾರಣವಿರಬೇಕು.

ಮುಂದೆ ಪಂಜೆಯವರು ಶಾಲಾ ಇನ್ಸ್‌ಪೆಕ್ಟರರಾಗಿ ಜಿಲ್ಲೆಯನ್ನು ಸುತ್ತಿದರು. ಇನ್ಸ್‌ಪೆಕ್ಟರ್ ಬಂದರೆಂದರೆ ಮಕ್ಕಳಿಗಿಂತ ಮೊದಲು ಮೇಷ್ಟ್ರು ನಡುಗುತ್ತಿದ್ದ ಕಾಲವದು. ಇವರಾದರೋ ಮಕ್ಕಳ ನಡುವೆ ಕುಳಿತು ಹಾಡುವ, ಕಥೆ ಹೇಳುವ ಇನ್ಸ್‌ಪೆಕ್ಟರರೆಂದು ಹೆಸರಾದರು. ಕಥೆಯ ಯಾವ ಮಾತಿಗೆ ಮಗು ನಗುತ್ತದೆ, ಯಾವ ಮಾತಿಗೆ ಆಕಳಿಸುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷಾಗೃಹ ಯಾವ ಲೇಖಕನಿಗೆ ದೊರೆತೀತು? 'ಸಿಗಡಿ ಯಾಕೆ ಒಣಗಲಿಲ್ಲ' ಎಂಬ ಕಥೆಯ ಪ್ರಶ್ನೆ ಬಿಸಿಲಿಗೆ ಸಿಗಡಿ ಹರಡುವ ಕಡಲತೀರದಲ್ಲಿ ಮಾತ್ರ ಹುಟ್ಟಬಲ್ಲದು. ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತ ಸಾಗುವ ಅದರ ಸರಪಳಿಯಾದರೋ ಅಜ್ಜಿಕಥೆಗಳ ಹಳೆಯ ಹೆಣಿಗೆ. 'ಮೂರು ಕರಡಿಗಳು' ಇಂಗ್ಲಿಷಿನಿಂದ ಬಂದುದಾದರೂ ಓದುವಾಗ ಆ ಪರಕೀಯತೆ ಕಾಣದು.

ಆದರೆ ಪಂಜೆಯವರ ಕಥನಶಕ್ತಿಗೆ ನಿಜವಾದ ಸವಾಲಾದುದು 'ಕೋಟಿ ಚೆನ್ನಯ'. 1924ರಲ್ಲಿ ಪ್ರಕಟವಾದ ಈ ಕಿರುಕಾದಂಬರಿಯ ವಸ್ತು ಅವರು ಕಲ್ಪಿಸಿದ್ದಲ್ಲ. ತುಳುನಾಡಿನ ಪಾಡ್ದನಗಳಲ್ಲಿ ಶತಮಾನಗಳಿಂದ ಬಾಳಿದ ಅವಳಿ ವೀರರ ಕಥೆಯದು. ಪಡುಮಲೆಯ ಪೆರುಮಾಳ ಬಲ್ಲಾಳನ ಕಾಲಿನ ಗಾಯವನ್ನು ಮಾಯಿಸಿದ ದೇಯಿ ಬೈದೆದಿಯ ಮಕ್ಕಳು ಕೋಟಿ ಮತ್ತು ಚೆನ್ನಯ. ಗದ್ದೆಯ ಬೇಸಾಯದ ಜಗಳದಲ್ಲಿ ಬುದ್ಯಂತನನ್ನು ಕೊಂದು, ಊರು ಬಿಟ್ಟು, ಪಂಜದಲ್ಲಿ ಅಕ್ಕ ಕಿನ್ನಿದಾರುವನ್ನು ಕಂಡು, ಅಲ್ಲಿ ಸೆರೆಗೆ ಸಿಕ್ಕಿ ತಪ್ಪಿಸಿಕೊಂಡು, ಕೊನೆಗೆ ಎಣ್ಮೂರಿನ ಪರವಾಗಿ ಕಾದಿ ಅವರು ಮಡಿಯುತ್ತಾರೆ. ಬಾಸೆಲ್ ಮಿಶನ್ನಿನ ಮೆನ್ನರ್ ಪಾಡ್ದನಗಳನ್ನು ಮುದ್ರಿಸಿದ 1886ರಲ್ಲಿ ಪಂಜೆಯವರು ಹನ್ನೆರಡರ ಬಾಲಕ. ಬರ್ನೆಲ್ ಸಂಗ್ರಹಿಸಿದ್ದವು ಮುಂದಿನ ದಶಕದಲ್ಲಿ ಇಂಗ್ಲಿಷಿನಲ್ಲಿ ಬಂದವು. ಕಥೆಯೇನೋ ಎಲ್ಲರಿಗೂ ತಿಳಿದದ್ದೇ. ಕನ್ನಡದ ಗದ್ಯಕ್ಕೆ ಅದು ಇನ್ನೂ ಒಗ್ಗಬೇಕಾಗಿತ್ತು, ಅಷ್ಟೆ.

ಪಂಜ ಈ ಕಥೆಯ ಮುಖ್ಯ ತಿರುವಿನ ಊರು, ಲೇಖಕರ ಮನೆತನದ ಹೆಸರೂ ಹೌದು. ಬಲ್ಲಾಳರ ಬೀಡುಗಳ ಲೋಕವೂ ಅವರಿಗೆ ತೀರ ಅಪರಿಚಿತವಾಗಿರಲಿಲ್ಲ. ಬೆಳ್ತಂಗಡಿಯ ಕಡೆ ಬಂಗರ ಬಂಗಾಡಿ, ಅಜಿಲರ ವೇಣೂರು, ಮೂಡುಬಿದಿರೆಯಲ್ಲಿ ಕೆತ್ತನೆಯ ಕಂಬಗಳ ಚೌಟರ ಅರಮನೆ - ಸಣ್ಣ ಅರಸರ ಬಾಳಿನ ಕುರುಹುಗಳು ಜಿಲ್ಲೆಯ ತುಂಬ ಕಣ್ಣಿಗೆ ಬೀಳುತ್ತಿದ್ದವು. ಗ್ರಾಮಗ್ರಾಮಗಳ ಗರಡಿಗಳಲ್ಲಿ ಬೈದೆರ್ಕಳ ನೇಮ ಆಗ ನಡೆಯುತ್ತಿತ್ತು, ಇಂದಿಗೂ ನಡೆಯುತ್ತಿದೆ.

ಪಾತ್ರಗಳನ್ನು ಬೆಳೆಸುವ ಕಷ್ಟ ಇಲ್ಲಿಯೇ ಇತ್ತು. ಗರಡಿಯಲ್ಲಿ ಕೈಮುಗಿಯುವ ಜನರಿಗೆ ಕೋಟಿ ಚೆನ್ನಯರು ದೈವಗಳು. ದೈವಕ್ಕೆ ಸ್ವಭಾವವನ್ನು ಕೊಡುವುದು ಹೇಗೆ? ಪಾಡ್ದನವೇ ದಾರಿ ತೋರಿಸಿತ್ತು. ಅಣ್ಣ ಕೋಟಿ ಯೋಚಿಸಿ ನಡೆಯುವವನು, ತಮ್ಮ ಚೆನ್ನಯ ಮುನ್ನುಗ್ಗುವವನು. ಅವರನ್ನು ಪಂಜೆಯವರು ಪವಾಡಪುರುಷರಾಗಿಸಲು ಹೋಗದೆ, ಕೊಟ್ಟ ಮಾತಿಗೆ ತಪ್ಪಿದ ದೊರೆಯೆದುರು ತಲೆಯೆತ್ತಿ ನಿಂತ ಮನುಷ್ಯರಾಗಿ ಕಂಡರು. ವಾಕ್ಯಗಳು ಗಿಡ್ಡ, ಮಾತಿಗೆ ಮಾತು ಕೊಡುವ ಗತ್ತು ತುಳುವಿನದು. ಪಾಡ್ದನದಲ್ಲಿ ಮತ್ತೆಮತ್ತೆ ಬರುವ ವರ್ಣನೆಯ ಪಲ್ಲವಿಗಳು ಗದ್ಯದಲ್ಲಿ ಉಳಿಯಲಿಲ್ಲ. ಹಾಡುವವರ ಉಸಿರೂ ಅದರೊಡನೆ ಒಂದಿಷ್ಟು ಹೋಯಿತೆನ್ನಬಹುದು. ಬಿಲ್ಲವ ಸಮುದಾಯದ ವೀರರ ಕಥೆಯನ್ನು ಕೊಂಕಣಿ ಮನೆಮಾತಿನ ಸಾರಸ್ವತ ಲೇಖಕರೊಬ್ಬರು ಕನ್ನಡ ಓದುಗರ ಕೈಗಿತ್ತರು. ಘಟ್ಟದ ಮೇಲಿನ ಅನೇಕರು ಆ ಹೆಸರುಗಳನ್ನು ಮೊದಲು ಕೇಳಿದ್ದು ಇದರ ಮೂಲಕವೇ. ಕಥೆಯನ್ನು ಬಾಯಲ್ಲಿ ಉಳಿಸಿಕೊಂಡು ಬಂದ ಪಾಡ್ದನಕಾರರ ಹೆಸರುಗಳು ಮಾತ್ರ ಯಾವ ಪುಸ್ತಕದ ಮುಖಪುಟಕ್ಕೂ ಬರಲಿಲ್ಲ.

ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದಾಗ ಅವರು ಬರೆದ ಹುತ್ತರಿ ಹಾಡನ್ನು ಕೊಡವರು ತಮ್ಮದೆಂದೇ ಹಾಡಿಕೊಂಡರು. ಕೊಡಗಿನವರಲ್ಲದ ಕವಿಗೆ ಇದು ಸುಲಭವಾಗಿ ಸಿಗುವ ಮನ್ನಣೆಯಲ್ಲ. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ ಮಕ್ಕಳ ಪುಸ್ತಕಗಳನ್ನು ಹೊರತಂದರು. ಕಿಟ್ಟೆಲರ 'ಶಬ್ದಮಣಿದರ್ಪಣ'ವನ್ನು ಪರಿಷ್ಕರಿಸಿದರು. ಗೋವಿಂದ ಪೈಗಳಂತಹವರಿಗೆ ಗುರುವಾಗಿದ್ದರೂ ತಾವು 'ಕವಿಶಿಷ್ಯ'ರೆಂದೇ ಹೇಳಿಕೊಂಡರು. 1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರನ್ನು ಹುಡುಕಿಕೊಂಡು ಬಂದಿತು.

1937ರ ಅಕ್ಟೋಬರಿನಲ್ಲಿ, ಊರಿನಿಂದ ಬಹು ದೂರದ ಹೈದರಾಬಾದಿನಲ್ಲಿ ಪಂಜೆಯವರು ತೀರಿಕೊಂಡರು. ಪತ್ರಿಕೆಗಳಲ್ಲೂ ಪಠ್ಯಪುಸ್ತಕಗಳಲ್ಲೂ ಚೆದುರಿಹೋಗಿದ್ದ ಅವರ ಬರಹಗಳು ಸಂಪುಟಗಳಾಗಿ ಒಟ್ಟುಗೂಡಲು ದಶಕಗಳೇ ಹಿಡಿದವು. ಮಂಗಳೂರಿನ ಹಂಪನಕಟ್ಟೆಯ ಬಳಿಯ ರಸ್ತೆಯೊಂದಕ್ಕೆ ಅವರ ಹೆಸರಿದೆ, ಪಿ.ಎಂ. ರಾವ್ ರಸ್ತೆ ಎಂದು ಕರೆಯುವವರಲ್ಲಿ ಆ ಅಕ್ಷರಗಳ ಹಿಂದಿರುವವರು ಬಂಟ್ವಾಳದ ಕಥೆಗಾರರೆಂದು ತಿಳಿದವರು ಕಡಿಮೆ.