ಸ್ಟೀರಿಯೊ ಕಂಡುಹಿಡಿದ ಬ್ಲಮ್ಲೈನ್ ಮತ್ತು ಅದಲುಬದಲಾದ ತಂತಿ

ಸ್ಟೀರಿಯೊದಲ್ಲಿ ಹಾಡು ಕೇಳುವಾಗ ಗಾಯಕರ ದನಿ ಸಾಮಾನ್ಯವಾಗಿ ಎರಡು ಸ್ಪೀಕರ್‌ಗಳ ನಡುವಿನ ಖಾಲಿ ಜಾಗದಿಂದ ಬಂದಂತಿರಬೇಕು. ಅದು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದಂತಾಗಿ, ಬೇಸ್ ಕೂಡ ಸೊರಗಿದ್ದರೆ ಸ್ಪೀಕರ್ ಕೆಟ್ಟಿದೆ ಎಂದುಕೊಳ್ಳುವವರೇ ಹೆಚ್ಚು. ಎಷ್ಟೋ ಸಲ ಏನೂ ಕೆಟ್ಟಿರುವುದಿಲ್ಲ, ಒಂದು ಸ್ಪೀಕರ್‌ನ ಪ್ಲಸ್-ಮೈನಸ್ ತಂತಿಗಳು ಅದಲುಬದಲಾಗಿರುತ್ತವೆ. ಇಷ್ಟಕ್ಕೇ ಇಷ್ಟೊಂದು ಎಡವಟ್ಟೇಕೆ ಎನ್ನುವುದಕ್ಕೆ ಉತ್ತರ ಅಲನ್ ಬ್ಲಮ್ಲೈನ್ ಎಂಬ ಎಂಜಿನಿಯರ್‌ನ ಕೆಲಸದಲ್ಲಿದೆ.

1903ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಆತ ಮೊದಲು ದುಡಿದದ್ದು ಟೆಲಿಫೋನ್ ಕ್ಷೇತ್ರದಲ್ಲಿ. 1929ರಲ್ಲಿ ಸೇರಿದ ಕೊಲಂಬಿಯ ಗ್ರಾಫೊಫೋನ್ ಕಂಪನಿ ಎರಡೇ ವರ್ಷಗಳಲ್ಲಿ ಇಎಂಐನ ಭಾಗವಾಯಿತು. ಆಗಿನ ಸಿನಿಮಾ ಮಂದಿರಗಳಲ್ಲಿ ನಟ ತೆರೆಯ ಯಾವ ಬದಿಯಲ್ಲಿದ್ದರೂ ಮಾತು ಒಂದೇ ಕಡೆಯಿಂದ ಬರುತ್ತಿತ್ತು. ಹೆಂಡತಿಯಾಗಲಿದ್ದ ಡೊರೀನ್ ಜೊತೆ ಸಿನಿಮಾ ನೋಡುವಾಗ ಇದು ಆತನಿಗೆ ಕಿರಿಕಿರಿ ಎನಿಸಿತಂತೆ. 1931ರ ಡಿಸೆಂಬರ್‌ನಲ್ಲಿ ಸಲ್ಲಿಸಿದ ಪೇಟೆಂಟ್ ಅರ್ಜಿಯಲ್ಲಿ ಇದಕ್ಕೆ ಪರಿಹಾರವಿತ್ತು.

ಅದರ ಜೀವಾಳ ಕೂಡುವುದು, ಕಳೆಯುವುದು. ಎರಡೂ ಚಾನೆಲ್‌ಗಳಲ್ಲಿ ಒಂದೇ ಥರ ಇರುವ ಸದ್ದು ನಡುವಿನಿಂದ ಕೇಳಿಸುತ್ತದೆ. ಅವುಗಳ ನಡುವಿನ ವ್ಯತ್ಯಾಸ ಎಡಬಲವನ್ನು ತಿಳಿಸುತ್ತದೆ. ಒಂದೇ ಗೀರಿನ ಎರಡು ಗೋಡೆಗಳಲ್ಲಿ ಎರಡು ಚಾನೆಲ್‌ಗಳನ್ನು ಕೊರೆಯುವ ವಿಧಾನವೂ ಆ ಪೇಟೆಂಟ್‌ನಲ್ಲಿತ್ತು. ಈಗ ಒಂದು ಸ್ಪೀಕರ್‌ನ ತಂತಿ ತಿರುವುಮುರುವಾದರೆ ಕೂಡಬೇಕಾದದ್ದು ಕಳೆಯುತ್ತದೆ. ಒಂದು ಕೋನ್ ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. 50 ಹರ್ಟ್ಸ್ ಸದ್ದಿನ ಅಲೆ ಸುಮಾರು 7 ಮೀಟರ್ ಉದ್ದ. ಅದರೆದುರು ಸ್ಪೀಕರ್‌ಗಳ ನಡುವಿನ ಅಂತರ ಸಣ್ಣದು. ಹಾಗಾಗಿ ಮೊದಲು ಅಳಿಸಿಹೋಗುವುದು ಬೇಸ್.

ಸರಿಪಡಿಸುವುದು ಸುಲಭ. ಆಂಪ್ಲಿಫೈಯರ್ ಆಫ್ ಮಾಡಿ, ಎರಡೂ ಕಡೆ ಕೆಂಪಿನಿಂದ ಕೆಂಪಿಗೆ, ಕಪ್ಪಿನಿಂದ ಕಪ್ಪಿಗೆ ತಂತಿ ಹೋಗಿದೆಯೇ ನೋಡಿ. ತಪ್ಪಿರುವ ಸ್ಪೀಕರ್‌ನದ್ದನ್ನು ಮಾತ್ರ, ಅದೂ ತಂತಿಯ ಒಂದು ತುದಿಯಲ್ಲಷ್ಟೇ ಬದಲಿಸಿ. ಎರಡೂ ಸ್ಪೀಕರ್‌ಗಳದ್ದನ್ನು ತಿರುಗಿಸಿದರೆ ಸಮಸ್ಯೆ ಇದ್ದಲ್ಲೇ ಇರುತ್ತದೆ. ತಂತಿ ಹೀಗೆ ಅದಲುಬದಲಾಗಿದ್ದರೆ ಸ್ಪೀಕರ್ ಸುಟ್ಟುಹೋಗುತ್ತದೆ ಎಂಬ ಭಯ ಬೇಡ. ತಂತಿಯ ತುದಿಗಳು ಒಂದಕ್ಕೊಂದು ತಾಗದಂತೆ ನೋಡಿಕೊಂಡರೆ ಸಾಕು.

ಇನ್ನು ಸ್ಟೀರಿಯೊ 1950ರ ದಶಕದ ಆವಿಷ್ಕಾರ ಎಂಬ ನಂಬಿಕೆ. 1934ರಲ್ಲೇ ಅಬೆ ರೋಡ್ ಸ್ಟುಡಿಯೊದಲ್ಲಿ ಥಾಮಸ್ ಬೀಚಮ್ ನಡೆಸಿಕೊಟ್ಟ ಮೊಜಾರ್ಟ್ ಸಂಗೀತವನ್ನು ಬ್ಲಮ್ಲೈನ್ ತಂಡ ಸ್ಟೀರಿಯೊದಲ್ಲಿ ಮುದ್ರಿಸಿಕೊಂಡಿತ್ತು! ಕಂಪನಿ ಮಾತ್ರ ಅದನ್ನು ಮಾರುಕಟ್ಟೆಗೆ ತರಲಿಲ್ಲ. ಆತ ಟೆಲಿವಿಷನ್‌ನತ್ತ, ಯುದ್ಧ ಬಂದ ಮೇಲೆ ರೇಡಾರ್‌ನತ್ತ ಹೊರಳಿದ.

1942ರ ಜೂನ್ 7ರಂದು ಎಚ್2ಎಸ್ ರೇಡಾರ್ ಪರೀಕ್ಷಿಸುತ್ತಿದ್ದ ಹ್ಯಾಲಿಫ್ಯಾಕ್ಸ್ ವಿಮಾನ ಹೆರಿಫರ್ಡ್‌ಶೈರ್‌ನಲ್ಲಿ ಬಿತ್ತು. ಒಳಗಿದ್ದ 11 ಮಂದಿಯೂ ಸತ್ತರು. 128 ಪೇಟೆಂಟ್‌ಗಳಲ್ಲಿ ಹೆಸರಿದ್ದ ಬ್ಲಮ್ಲೈನ್‌ಗೆ ಆಗ 38 ವರ್ಷ. ರೇಡಾರ್‌ನ ಗುಟ್ಟು ಹೊರಬೀಳಬಾರದೆಂದು ಸಾವಿನ ಸುದ್ದಿಯನ್ನೂ ಮುಚ್ಚಿಡಲಾಯಿತು. 1958ರ ಹೊತ್ತಿಗೆ ಅಂಗಡಿಗಳಿಗೆ ಬಂದ ಸ್ಟೀರಿಯೊ ರೆಕಾರ್ಡ್‌ಗಳಲ್ಲಿ ಇದ್ದದ್ದು ಅದೇ ಎರಡು ಗೋಡೆಯ ಗೀರು.