ಖಜಾನೆ ತುಂಬಿಸಿದ ದಿವಾನರು, ಸೇತುವೆಗೆ ಬೇರೆಯವರ ಹೆಸರು

ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಮೇಲೆ ಒಂದು ಹಳೇ ಸೇತುವೆ ಇದೆ. ಕಲ್ಲು ಕಂಬ, ಕಲ್ಲು ತೊಲೆ. 1804ರಲ್ಲಿ ಕಟ್ಟಿದ್ದು, ಇನ್ನೂ ನಿಂತಿದೆ. ಹೆಸರು ಮಾತ್ರ ವೆಲ್ಲೆಸ್ಲಿ ಸೇತುವೆ. ವೆಲ್ಲೆಸ್ಲಿ ಆಗಿನ ಗವರ್ನರ್ ಜನರಲ್. ಕಟ್ಟಿಸಿದವರು ಯಾರು? ಮೈಸೂರಿನ ದಿವಾನ್ ಪೂರ್ಣಯ್ಯನವರು.

ಈ ಪೂರ್ಣಯ್ಯನವರು ಅರಮನೆಯಲ್ಲಿ ಹುಟ್ಟಿದವರೇನಲ್ಲ. ಕೊಯಮತ್ತೂರು ಸೀಮೆಯ ಬಡ ಮಾಧ್ವ ಬ್ರಾಹ್ಮಣರ ಮನೆಯ ಹುಡುಗ. ಚಿಕ್ಕಂದಿನಲ್ಲೇ ತಂದೆ ಹೋದರು. ಹೊಟ್ಟೆಪಾಡಿಗೆ ಅಂಗಡಿ ಲೆಕ್ಕ ಬರೆಯುವ ಕೆಲಸ. ಅಲ್ಲಿಂದ ಹೈದರನ ಅರಮನೆಗೆ ಸಾಮಾನು ಒದಗಿಸುವ ದೊಡ್ಡ ವ್ಯಾಪಾರಿಯ ಹತ್ತಿರ ಸೇರಿದರು. ಹುಡುಗನ ಲೆಕ್ಕ ಹೈದರನ ಕಣ್ಣಿಗೆ ಬಿತ್ತು. ಗುಮಾಸ್ತ ಖಜಾನೆಯ ಮೇಲಧಿಕಾರಿಯಾದರು.

1782ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಹತ್ತಿರ ದಂಡಿನಲ್ಲೇ ಹೈದರ್ ತೀರಿಕೊಂಡ. ಮಗ ಟಿಪ್ಪು ದೂರದ ಮಲಬಾರಿನಲ್ಲಿ. ಸುದ್ದಿ ಹಬ್ಬಿದರೆ ದಂಡು ಚೆದುರುತ್ತೆ, ರಾಜ್ಯ ಹೋಗುತ್ತೆ. ಪೂರ್ಣಯ್ಯ, ಕೃಷ್ಣರಾವ್ ಮೊದಲಾದವರು ಸಾವನ್ನು ಮುಚ್ಚಿಟ್ಟರು. ಹೆಣವನ್ನು ಪೆಟ್ಟಿಗೆಯಲ್ಲಿಟ್ಟು, ಬೆಲೆಬಾಳುವ ಖಜಾನೆ ಸಾಗಿಸುವ ಹಾಗೆ ಕಾವಲು ಹಾಕಿ ಕೋಲಾರಕ್ಕೆ ಕಳಿಸಿದರು. ಟಿಪ್ಪು ಬಂದ, ಪಟ್ಟ ಉಳಿಯಿತು. ಟಿಪ್ಪುವಿನ ಕಾಲದಲ್ಲೂ ಹಣಕಾಸು ಪೂರ್ಣಯ್ಯನವರ ಕೈಯಲ್ಲೇ.

1799ರ ಮೇ 4ರಂದು ಟಿಪ್ಪು ಸತ್ತ. ಪೂರ್ಣಯ್ಯ ಇಂಗ್ಲಿಷರಿಗೆ ಒಪ್ಪಿಕೊಂಡರು. ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ, ಪೂರ್ಣಯ್ಯನವರಿಗೆ ದಿವಾನಗಿರಿ. ಒಡೆಯನಿಗೆ ದ್ರೋಹ ಬಗೆದರು ಅಂತ ಆಡಿಕೊಳ್ಳುವವರು ಇವತ್ತಿಗೂ ಇದ್ದಾರೆ. ಹಾಳಾದ ರಾಜ್ಯ ಎತ್ತಿ ನಿಲ್ಲಿಸಿದರು ಅನ್ನುವವರೂ ಇದ್ದಾರೆ. ಜಗಳ ಮುಗಿದಿಲ್ಲ.

ಲೆಕ್ಕದಲ್ಲಿ ಮಾತ್ರ ಜಗಳ ಇಲ್ಲ. ಕಂಪನಿಗೆ ವರ್ಷಕ್ಕೆ 7 ಲಕ್ಷ ಪಗೋಡ ಕಪ್ಪ ಕಟ್ಟಿ, ಸೇತುವೆ, ರಸ್ತೆ ಮಾಡಿಸಿಯೂ ಖಜಾನೆಯಲ್ಲಿ 2 ಕೋಟಿ ರೂಪಾಯಿಗೂ ಮೇಲೆ ಉಳಿಸಿದರು. ಉಳಿಸಿದ್ದು ರೈತನ ಕಂದಾಯದಿಂದಲೇ ಅನ್ನಿ. ವಸೂಲಿಯಲ್ಲಿ ದಿವಾನರು ಬಿಗಿ. ಎಲ್ಲ ಕೆಲಸವೂ ಕೈಗೂಡಲಿಲ್ಲ. ಕಾವೇರಿ ನೀರು ಮೈಸೂರಿಗೆ ತರುತ್ತೇನೆಂದು ತೋಡಿಸಿದ ಕಾಲುವೆಯಲ್ಲಿ ಹೊಳೆ ನೀರು ಊರು ಮುಟ್ಟಲೇ ಇಲ್ಲ.

1807ರಲ್ಲಿ ಯಳಂದೂರು ಜಹಗೀರಿ ಬಂತು. 1811ರಲ್ಲಿ ರಾಜರು ಬೆಳೆದು ಅಧಿಕಾರ ಕೇಳಿದರು. ಹನ್ನೆರಡು ವರ್ಷ ರಾಜ್ಯ ಆಳಿದ ಕೈ ಬರಿದಾಯಿತು. ಮುದುಕರು ಶ್ರೀರಂಗಪಟ್ಟಣಕ್ಕೆ ಹೋಗಿ ಕೂತರು. 1812ರ ಮಾರ್ಚ್‌ನಲ್ಲಿ ಕಣ್ಣು ಮುಚ್ಚಿದರು.

ತುಂಬಿದ ಖಜಾನೆ ಎಷ್ಟು ದಿನ ಬಂತು? ಇಪ್ಪತ್ತು ವರ್ಷದೊಳಗೆ ಕರಗಿ ಸಾಲ ಬೆಳೆಯಿತು. ನಗರದ ಕಡೆ ರೈತರು ದಂಗೆ ಎದ್ದರು. 1831ರಲ್ಲಿ ಇಂಗ್ಲಿಷರು ಆಡಳಿತವನ್ನೇ ಕಿತ್ತುಕೊಂಡರು. ಒಡೆಯರ ಮನೆತನಕ್ಕೆ ಅದು ವಾಪಸ್ ಬಂದದ್ದು 1881ರಲ್ಲಿ.

ವಂಶದ ಪಿ.ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು. ಹಿರಿಯರ ಹೆಸರು ಮಾತ್ರ ಮಸುಕಾಯಿತು. ಕಟ್ಟಿಸಿದ ಗಟ್ಟಿ ಸೇತುವೆಗೆ ವೆಲ್ಲೆಸ್ಲಿ ಹೆಸರು. ನೀರು ತಾರದ ಆ ಕಾಲುವೆಗೆ ಮೈಸೂರಿನ ಜನ ಇಟ್ಟ ಹೆಸರು ಪೂರ್ಣಯ್ಯ ನಾಲೆ. ಲಾಭ ಯಾರದೋ ಖಾತೆಗೆ, ನಷ್ಟ ಲೆಕ್ಕ ಬರೆದವರ ಖಾತೆಗೆ.